ಅವಧಾನವೂ ಎಳೆಯ ಮನಸ್ಸೂ

ಹದಿಹರೆಯದ ಮನಸ್ಸು ಗಾಳಿಗೊಡ್ಡಿದ ಸೊಡರಿನಂತಹುದು. ಅದಕ್ಕೊಂದು ಆಸರೆಯಾದೀತೆಂಬ ಸದಾಶಯದಿಂದ ಬ್ರಿಟನ್ನಿನ ವಿದ್ವಾಂಸರು ಶಾಲೆಗಳಲ್ಲಿ ಅವಧಾನದ ಪಾಠವನ್ನು ಪರೀಕ್ಷಿಸಿದರು. ಉಸಿರನ್ನು ಗಮನಿಸುವುದು, ಮೂಡಿದ ಭಾವವನ್ನು ಬೆದರದೆ ನೋಡುವುದು ಅದರ ಸಾರ. ಸುಮಾರು 85 ಶಾಲೆಗಳ 8,000ಕ್ಕೂ ಮಿಕ್ಕ ಮಕ್ಕಳು ಪರೀಕ್ಷೆಗೊಳಗಾದರು. ಅವರಲ್ಲಿ ಅರ್ಧದಷ್ಟು ಮಂದಿಗೆ ಈ ಪಾಠ ದೊರೆಯಿತು.

2022ರಲ್ಲಿ ಫಲಿತಾಂಶ ಪ್ರಕಟವಾಯಿತು. ರೂಢಿಯ ಬೋಧನೆಗಿಂತ ಇದರಿಂದ ಮಕ್ಕಳ ಮನಃಸ್ವಾಸ್ಥ್ಯಕ್ಕೆ ಹೆಚ್ಚಿನ ಪ್ರಯೋಜನ ಕಂಡುಬರಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಮೊದಲೇ ಮನೋವ್ಯಥೆಯ ಅಂಚಿನಲ್ಲಿದ್ದವರಿಗೆ ಅದು ತುಸು ತೊಡಕನ್ನು ತಂದೀತೆಂಬ ಸುಳಿವೂ ದೊರಕಿತು. ಆದರೆ ತರಬೇತಿ ಹೊಂದಿದ ಶಿಕ್ಷಕರ ಬಳಲಿಕೆ ಕೆಲಕಾಲ ತಗ್ಗಿತ್ತು.

ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನಿಲಿಸುವ ಸಾಧನೆಯನ್ನು ಬಲ್ಲ ಶರಣ ಪರಂಪರೆಗೆ ಇದರ ಮರ್ಮ ಹೊಸತಲ್ಲ. ಅಲ್ಲಿ ಅಭ್ಯಾಸವು ನಿತ್ಯದ್ದು. ಗುರುವು ತಾನು ಆಚರಿಸಿದ್ದನ್ನೇ ಶಿಷ್ಯನಿಗೆ ಕರುಣಿಸುತ್ತಾನೆ. ವೇಳಾಪಟ್ಟಿಯಲ್ಲಿ ಒಂದು ಗಂಟೆಯನ್ನು ಮೀಸಲಿಟ್ಟ ಮಾತ್ರಕ್ಕೆ ಮನಸ್ಸು ನೆಲೆಗೊಳ್ಳದು.

ನೊಂದ ಮಗುವಿಗೆ ಕಣ್ಣು ಮುಚ್ಚೆಂದು ಹೇಳುವ ಮುನ್ನ ಅದರ ಮಾತಿಗೆ ಕಿವಿಗೊಡುವ ಗುರು ಬೇಕು. ಅಗತ್ಯವಾದಾಗ ವೈದ್ಯರ ಬಳಿಗೆ ಕರೆದೊಯ್ಯುವ ವಿವೇಕವೂ ಬೇಕು. ಶಾಲೆಯ ಅವಧಾನವು ಗುರುವಿನಿಂದಲೇ ಮೊದಲಾಗಲಿ.