ಆಹಾ ಎನ್ನಲು ಪಕ್ಕದಲ್ಲೊಬ್ಬರು ಬೇಕು

ಮೊಬೈಲಿನಲ್ಲಿ ಭೀಮಸೇನ ಜೋಶಿಯವರನ್ನು ತಾನಿನ ನಡುವೆಯೇ ನಿಲ್ಲಿಸಿ, ಉಕ್ಕುವ ಹಾಲನ್ನು ಇಳಿಸಿ ಬಂದು, ಅಲ್ಲಿಂದಲೇ ಮುಂದುವರಿಸಬಹುದು. ಎದುರು ಕೂತು ಕೇಳುವ ಬೈಠಕ್ಕಿನಲ್ಲಿ ಆ ಸುಖವಿಲ್ಲ. ಜಮಖಾನೆಯ ಮೇಲೆ ಕಾಲು ಜೋಮು ಹಿಡಿಯುತ್ತದೆ. ಎದುರಿಗೆ ಯಾವಾಗಲೂ ಒಬ್ಬ ಎತ್ತರದ ಆಸಾಮಿಯೇ ಕೂತಿರುತ್ತಾನೆ. ತಂಬೂರಿ ಶ್ರುತಿಗೆ ಬರುವುದರೊಳಗೆ, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಯೋಚನೆ ಬೇರೆ. ಆದರೂ ಹೋಗುತ್ತೇವೆ.

ಗಂಗೂಬಾಯಿ ಹಾನಗಲ್ಲರನ್ನು ಬರೀ ಧ್ವನಿಮುದ್ರಿಕೆಯಲ್ಲಿ ಕೇಳಿದವರಿಗೆ ಅವರು ಅರ್ಧವಷ್ಟೇ ಸಿಕ್ಕಿರುತ್ತಾರೆ ಎನ್ನುವುದು ನನ್ನ ಹಟ. ಮೊದಮೊದಲ ತಟ್ಟೆಗಳಲ್ಲಿ ಅವರದು ತೆಳುವಾದ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯಾದ ಮೇಲೆ ಅದು ಗಂಡುದನಿಯಷ್ಟು ಗಡುಸಾಯಿತು. ಹೆಸರು ಹೇಳದೆ ಕೇಳಿಸಿದರೆ ‘ಯಾರಿವರು, ಉಸ್ತಾದರೇ?’ ಎನ್ನುವವರುಂಟು. ಎದುರಿಗೆ ಕೂತಾಗಲೋ, ಕಾಣುತ್ತಿದ್ದುದು ನಮ್ಮ ಮನೆಯ ಅಜ್ಜಿಯಂಥ ಸಣ್ಣ ಮೈಕಟ್ಟಿನ ಹೆಂಗಸು. ಒಂದು ಕೈ ಕಿವಿಯ ಹತ್ತಿರ ಹೋಗುತ್ತಿತ್ತು. ಆ ಮೈಯಿಂದ ಈ ಷಡ್ಜವೇ ಎಂದು ಕಣ್ಣು ನಂಬುತ್ತಿರಲಿಲ್ಲ, ಕಿವಿ ಬಿಡುತ್ತಿರಲಿಲ್ಲ. ಇವೆರಡರ ಜಗಳದಲ್ಲಿ ಗಂಟಲು ಕಟ್ಟುತ್ತಿದ್ದುದು ಮಾತ್ರ ನಮ್ಮದು.

ಕೇಳುವುದರಲ್ಲಿ ಪಕ್ಕದವರ ಪಾಲೂ ಇದೆ. ಹೆಸರು ಗೊತ್ತಿಲ್ಲದ ಯಾರೋ ‘ಆಹಾ’ ಎಂದು ತೊಡೆ ತಟ್ಟಿಕೊಂಡ ಮೇಲೆಯೇ ಎಷ್ಟೋ ಸಲ ನನಗೆ ಗಾಂಧಾರ ಕೇಳಿಸಿದೆ. ಮನೆಯಲ್ಲಿ ಒಬ್ಬನೇ ಕೂತು ಆಹಾ ಎಂದರೆ ಜ್ವರವೇ ಎಂದು ಹಣೆ ಮುಟ್ಟಿ ನೋಡುತ್ತಾರೆ. ಹಾಡುವವರೂ ಆ ಆಹಾಕ್ಕೆ ಸೋಲುತ್ತಾರೆ. ಮುಗಿಸಲಿದ್ದವರು ಇನ್ನೊಂದು ಆವರ್ತ ಬೆಳೆಸುತ್ತಾರೆ.

ಎದುರು ಕೂತೇ ಕೇಳಬೇಕೆಂಬ ನನ್ನ ವಾದಕ್ಕೆ ದೊಡ್ಡ ಅಡ್ಡಗಾಲು ಭೀಮಸೇನರೇ. ಗದಗದ ಆ ಹುಡುಗನಿಗೆ ಹುಚ್ಚು ಹಿಡಿಸಿದ್ದು ಅಬ್ದುಲ್ ಕರೀಂ ಖಾನರ ತಟ್ಟೆ, ಮೂರು ಚಿಲ್ಲರೆ ನಿಮಿಷದ ಹಾಡು. ಅಷ್ಟಕ್ಕೇ 1933ರಲ್ಲಿ, 11ರ ಪ್ರಾಯದಲ್ಲಿ, ಮನೆ ಬಿಟ್ಟು ಓಡಿದ. ‘ಹಾಗಾದರೆ ತಟ್ಟೆಯೇ ಸಾಕಲ್ಲ ಮಾರಾಯರೇ?’ ಎಂದು ಗೆಳೆಯರೊಬ್ಬರು ಕೆಣಕಿದರು. ಸಾಕಾಗಿದ್ದರೆ ಹುಡುಗ ಮನೆಯಲ್ಲೇ ಇರುತ್ತಿದ್ದನಲ್ಲ! ಗ್ವಾಲಿಯರ್, ಜಲಂಧರ್ ಎಂದೆಲ್ಲ ಅಲೆದು, ಕೊನೆಗೆ ಬಂದು ಕೂತದ್ದು ಅದೇ ಖಾನ್ ಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರ ಎದುರು, ಕುಂದಗೋಳದಲ್ಲಿ. ಗದಗದಿಂದ ಕುಂದಗೋಳ ಅರ್ಧ ದಿನದ ದಾರಿಯೂ ಅಲ್ಲ. ಅವನು ಹೋದದ್ದು ಪಂಜಾಬಿನ ಮೇಲಿಂದ.