ಹತ್ತು ಸುತ್ತಿಗೆ ನಲವತ್ತೊಂಬತ್ತು

ನಮ್ಮ ಪಿಕ್‌ಅಪ್‌ನ ಮುಂದಿನ ಎರಡು ಚಕ್ರಗಳಿಗೆ ಇಂಜಿನ್ನಿನ ಸಂಬಂಧವೇ ಇಲ್ಲ ಅಂತ ನನಗೆ ಗೊತ್ತಾದದ್ದು ಮೂವತ್ತನೇ ವಯಸ್ಸಿನಲ್ಲಿ. ಸ್ಟೇರಿಂಗ್ ಎಳೆದ ಕಡೆ ತಿರುಗುತ್ತವೆ, ಭಾರ ಹೊರುತ್ತವೆ, ಅಷ್ಟೇ. ಗಾಡಿಯನ್ನು ಮುಂದೆ ತಳ್ಳುವುದೆಲ್ಲ ಹಿಂದಿನ ಚಕ್ರಗಳ ಪಾಲಿನ ಕೆಲಸ. ಮಂಗಳೂರಿನ ಶಕ್ತಿನಗರದ ನಮ್ಮ ಮನೆಯಿಂದ ಬಂದರಿಗೆ ಅಡಿಕೆ ಮೂಟೆ ಕೊಂಡುಹೋಗಲಿಕ್ಕೆ ಅಷ್ಟು ಧಾರಾಳ ಸಾಕು. ಅಪ್ಪ ಇಪ್ಪತ್ತು ವರ್ಷ ಅದರಲ್ಲೇ ಓಡಾಡಿದರು.

ತೊಂದರೆ ಇರುವುದು ಊರಿನಲ್ಲಿ. ಚಾರ್ಮಾಡಿ ಘಾಟಿಯ ಬುಡದಲ್ಲಿ ನಮ್ಮ ತೋಟ. ಮನೆ ಕೆಳಗೆ ತೊರೆಯ ಹತ್ತಿರ, ಡಾಂಬರು ರಸ್ತೆ ಮೇಲೆ ಗುಡ್ಡದಲ್ಲಿ. ನಡುವೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ಅದು ಸರಕಾರದ್ದಲ್ಲ, ನಮ್ಮದು ಮತ್ತು ದೊಡ್ಡಪ್ಪನದ್ದು. ಮಳೆಗಾಲದಲ್ಲಿ ಆ ದಾರಿ ಸಾಬೂನು. ಪಿಕ್‌ಅಪ್‌ನಲ್ಲಿ ಒಂದು ವಿಚಿತ್ರ ಏನೆಂದರೆ, ಲೋಡ್ ಇದ್ದಾಗ ಅದು ಹತ್ತುತ್ತದೆ, ಖಾಲಿ ಇದ್ದಾಗ ಹತ್ತುವುದಿಲ್ಲ. ಇಂಜಿನ್, ಕ್ಯಾಬಿನ್, ಡ್ರೈವರ್ ಎಲ್ಲ ಮುಂದೆ; ಹಿಂದೆ ಬರೀ ತಗಡಿನ ತೊಟ್ಟಿ. ತಳ್ಳಬೇಕಾದ ಚಕ್ರದ ಮೇಲೆ ಭಾರವೇ ಇಲ್ಲದಿದ್ದರೆ ಅದು ನಿಂತಲ್ಲೇ ಗಿರ್ರನೆ ತಿರುಗಿ ಹೊಂಡ ತೋಡುತ್ತದೆ. ಅದಕ್ಕೇ ಅಪ್ಪ ಜೂನ್ ಬಂತೆಂದರೆ ಹಿಂದೆ ಇಪ್ಪತ್ತು ಕೆಂಪುಕಲ್ಲು ಹಾಕಿಕೊಂಡು ತಿರುಗುತ್ತಿದ್ದರು. ಡೀಸೆಲ್ ಸುಟ್ಟು ಕಲ್ಲು ಹೊರುವ ಕೆಲಸ.

2019ರ ಆಗಸ್ಟ್‌ನಲ್ಲಿ ಆ ಕಲ್ಲೂ ಸಾಕಾಗಲಿಲ್ಲ. ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ಘಾಟಿ ಬಂದ್ ಆದ ವಾರ ಅದು. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಳು, ಸೊಂಟದ ಮೂಳೆ ಮುರಿಯಿತು. ಅಪ್ಪ ಅಲ್ಲೇ ಇದ್ದರು, ಪಿಕ್‌ಅಪ್ಪೂ ಅಲ್ಲೇ ಇತ್ತು. ಮೊದಲನೇ ತಿರುವಿನಲ್ಲೇ ಹಿಂದಿನ ಚಕ್ರ ಆ್ಯಕ್ಸಲ್‌ವರೆಗೆ ಹೂತುಹೋಯಿತು. ಆಮೇಲೆ ನಾಲ್ಕು ಜನ ಅಜ್ಜಿಯನ್ನು ಆರಾಮಕುರ್ಚಿಯಲ್ಲಿ ಕೂರಿಸಿ, ಬೊಂಬಿಗೆ ಕಟ್ಟಿ, ಮಳೆಯಲ್ಲಿ ಒಂದೂವರೆ ಕಿಲೋಮೀಟರ್ ಹೊತ್ತರು. ಅಪ್ಪನಿಗೆ ಹೊರಲು ಬೆನ್ನುನೋವು. ಕೊಡೆ ಹಿಡಿದು ಪಕ್ಕದಲ್ಲಿ ನಡೆದರಂತೆ. ಇದೆಲ್ಲ ನನಗೆ ಬೆಂಗಳೂರಿನಲ್ಲಿ ಗೊತ್ತಾದದ್ದು ಆಪರೇಷನ್ ಮುಗಿದ ಮೇಲೆ, ಅದೂ ಅಮ್ಮನ ಬಾಯಿಂದ.

ಹೊಸ ಫೋರ್‌ವೀಲ್ ಗಾಡಿ ತೆಗೆಯುವಾ, ಇಎಂಐ ನಾನು ಕಟ್ತೇನೆ ಅಂದೆ. "ನೀನು ನಿನ್ನ ಮನೆ ಬಾಡಿಗೆ ಕಟ್ಟು ಮಾರಾಯ್ತಿ," ಅಂದರು ಅಪ್ಪ. ಮಾತು ಅಲ್ಲಿಗೆ ಮುಗಿಯಿತು.

ಮುಗಿದಿರಲಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್‌ಗೆ ಎರಡು ದಿನ ಮೊದಲು ಮೂರು ಜೊತೆ ಬಟ್ಟೆ ಹಿಡಿದುಕೊಂಡು ಮನೆಗೆ ಬಂದರೆ, ಅಂಗಳದಲ್ಲಿ ಟಾರ್ಪಾಲಿನ ಅಡಿಯಲ್ಲಿ ಗುಡ್ಡೆಯಷ್ಟು ಕಬ್ಬಿಣ. ಒಂದು ಹಳೇ ಜೀಪಿನ ಮುಂದಿನ ಹೌಸಿಂಗ್. ಇನ್ನೊಂದು ಜೀಪಿನ ಗೇರ್‌ಬಾಕ್ಸ್, ಅದಕ್ಕೆ ಅಂಟಿಕೊಂಡ ಟ್ರಾನ್ಸ್‌ಫರ್ ಕೇಸ್. ಅಪ್ಪ ಯಾರಿಗೂ ಹೇಳದೆ ಗುಜರಿಯಿಂದ ತಂದು ಇಟ್ಟಿದ್ದರು. ಉಜಿರೆಯ ಜೀಪ್ ಮೆಕ್ಯಾನಿಕ್, ಅಪ್ಪನ ಹಳೇ ದೋಸ್ತಿ, ನಾನು ಕಾಕ ಅಂತ ಕರೆಯುವವರು, ಏಪ್ರಿಲ್‌ನಲ್ಲಿ ಬಂದು ಕೂರಿಸಿಕೊಡುವುದು ಅಂತ ಮಾತಾಗಿತ್ತಂತೆ. ಈಗ ಕಾಕ ಅಲ್ಲಿ, ನಾವು ಇಲ್ಲಿ, ನಡುವೆ ಪೊಲೀಸ್ ಬ್ಯಾರಿಕೇಡ್. ಜೂನ್‌ಗೆ ಎರಡೇ ತಿಂಗಳು. "ವೀಡಿಯೋ ಕಾಲ್ ಮಾಡ್ಲಿಕ್ಕೆ ನಿನಗೆ ಬರ್ತದಲ್ಲ?" ಅಂತ ಅಪ್ಪ ನನ್ನನ್ನು ಕೇಳಿದರು. ಹೀಗೆ ನಾನು ಮೆಕ್ಯಾನಿಕ್ಕಿನ ಅಸಿಸ್ಟೆಂಟ್ ಆದೆ.

ಎಲ್ಲ ಗಾಡಿಗೂ ಹೀಗೆ ಮಾಡಲಿಕ್ಕಾಗುವುದಿಲ್ಲ. ನಮ್ಮದು ತೊಂಬತ್ತರ ದಶಕದ ಮಹೀಂದ್ರಾ. ಮಹೀಂದ್ರಾದವರು 1940ರ ದಶಕದ ಕೊನೆಯಲ್ಲಿ ಅಮೆರಿಕದ ವಿಲ್ಲಿಸ್ ಜೀಪು ಜೋಡಿಸಲು ಶುರುಮಾಡಿದವರು. ಎರಡನೇ ಮಹಾಯುದ್ಧದ ಆ ಜೀಪಿನ ಎಲುಬುಗೂಡು ಎಷ್ಟೋ ದಶಕ ಅವರ ಗಾಡಿಗಳ ಅಡಿಯಲ್ಲಿ ಉಳಿದಿತ್ತು. ಕಾರಿನ ಹಾಗೆ ಮುಂದೆ ಒಂದೊಂದು ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್ ಇಲ್ಲ. ಲೀಫ್ ಸ್ಪ್ರಿಂಗಿನ ಕೆಳಗೆ ಅಡ್ಡಕ್ಕೆ ಒಂದು ಕಬ್ಬಿಣದ ತೊಲೆ, ಅದರ ಎರಡು ತುದಿಗೆ ಚಕ್ರ. ಆ ತೊಲೆ ಬಿಚ್ಚಿ ಅದೇ ಜಾಗಕ್ಕೆ ಒಳಗೆ ಗೇರು, ಶಾಫ್ಟು ಇರುವ ಹೌಸಿಂಗ್ ಕೂರಿಸಬೇಕು. ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಬರಬೇಕು. ಅದು ಇಂಜಿನ್ನಿನ ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಪೆಟ್ಟಿಗೆ, ಜೊತೆಗೆ 'ಲೋ' ಹಾಕಿದರೆ ವೇಗ ಇಳಿಸಿ ಎಳೆತವನ್ನು ಸುಮಾರು ಎರಡೂವರೆ ಪಟ್ಟು ಮಾಡುತ್ತದೆ. ಆಮೇಲೆ ಮುಂದಕ್ಕೊಂದು ಪ್ರೊಪೆಲ್ಲರ್ ಶಾಫ್ಟು. ಹೇಳಲಿಕ್ಕೆ ಇಷ್ಟೇ.

ಮಾಡಲಿಕ್ಕೆ ಹೊರಟರೆ ಮೊದಲನೇ ಯು-ಬೋಲ್ಟೇ ಎರಡು ದಿನ ತಿಂದಿತು. ಕಡಲ ಊರಿನ ಗಾಳಿಗೆ ಇಪ್ಪತ್ತು ವರ್ಷ ತುಕ್ಕು ಹಿಡಿದ ಬೋಲ್ಟು. ಡೀಸೆಲ್ ಸುರಿದು, ರಾತ್ರಿ ಬಿಟ್ಟು, ಬೆಳಿಗ್ಗೆ ಸುತ್ತಿಗೆಯಲ್ಲಿ ಹೊಡೆದು ಬಿಚ್ಚಿದ್ದು. ಗಾಡಿಯ ಅಡಿಗೆ ಕೊಡಲು ಅಪ್ಪ ಕೆಂಪುಕಲ್ಲು ಜೋಡಿಸುವಾಗ ಫೋನಿನ ಒಳಗಿಂದ ಕಾಕ ಬೊಬ್ಬೆ ಹೊಡೆದರು: "ಕಲ್ಲು ಇಡ್ಬೇಡಿ ಮಾರ್ರೆ! ಅದು ಒಡೆದ್ರೆ ನಿಮ್ಮ ಎದೆ ಮೇಲೆ ಬೀಳುವುದು ಗಾಡಿ!" ಮತ್ತೆ ದಪ್ಪ ಮರದ ತುಂಡು ತಂದು ಇಟ್ಟೆವು. ಸೀಟು ತೆಗೆದು, ನೆಲದ ತಗಡು ತೆಗೆದು ಗೇರ್‌ಬಾಕ್ಸ್ ಇಳಿಸಿದ ದಿನ ನನಗೆ ಆಫೀಸಿನ ಸ್ಟ್ಯಾಂಡ್‌ಅಪ್ ಕಾಲ್ ಇತ್ತು. ಕ್ಯಾಮೆರಾ ಆಫ್, ಮ್ಯೂಟ್, ಕೈ ತುಂಬ ಗ್ರೀಸ್. ನನ್ನ ಸರದಿ ಬಂದಾಗ ಅಮ್ಮ ಬಂದು ಅನ್‌ಮ್ಯೂಟ್ ಬಟನ್ ಒತ್ತಿದಳು.

ಮೇ ತಿಂಗಳಲ್ಲಿ ಲಾಕ್‌ಡೌನ್ ಸಡಿಲವಾದಾಗ ಯೆಯ್ಯಾಡಿಯ ಲೇತ್ ಅಂಗಡಿಯಲ್ಲಿ ಶಾಫ್ಟು ಕಡಿದು ಬ್ಯಾಲೆನ್ಸ್ ಮಾಡಿಸಿದೆವು. ಗೇರ್‌ಬಾಕ್ಸ್ ಕೂರುವ ಅಡ್ಡಪಟ್ಟಿಗೆ ವೆಲ್ಡಿಂಗ್ ಆಯಿತು. ಹಿಂದಿನ ಶಾಫ್ಟು ಸ್ವಲ್ಪ ಓರೆಯಾಗಿ ಕೂತಿತು, ಕ್ರಾಸ್ ಬೇಗ ಸವೆಯಬಹುದು ಅಂತ ಕಾಕ ಎಚ್ಚರಿಸಿದರು. ಇರಲಿ ಅಂದೆವು. ಮೇ ಕೊನೆಯ ಭಾನುವಾರ ಮನೆಯೆದುರಿನ ಕಾಂಕ್ರೀಟ್ ರಸ್ತೆಗೆ ಗಾಡಿ ಇಳಿಸಿ ಅಪ್ಪ ಫೋರ್‌ವೀಲ್ ಲಿವರ್ ಎಳೆದರು.

ನೂರು ಮೀಟರ್ ಹೋಗುವಷ್ಟರಲ್ಲಿ ಗಾಡಿ ಯಾರೋ ಹಿಡಿದು ಜಗ್ಗಿದ ಹಾಗೆ ಭಾರವಾಯಿತು. ಟಯರು ಕೀರಲು ಶುರುವಾಯಿತು. ಅಪ್ಪ ನಿಲ್ಲಿಸಿ ಲಿವರ್ ವಾಪಸ್ ತಳ್ಳಿದರೆ ಅದು ಬರಲೇ ಇಲ್ಲ. ಒಂದು ಚಕ್ರಕ್ಕೆ ಜಾಕಿ ಕೊಟ್ಟು ಎತ್ತುತ್ತಿದ್ದಂತೆ ಢಬ್ ಅಂತ ಶಬ್ದ, ಚಕ್ರ ತನ್ನಷ್ಟಕ್ಕೆ ಅರ್ಧ ಸುತ್ತು ತಿರುಗಿತು. ನಾನು ಎರಡು ಹೆಜ್ಜೆ ಹಿಂದೆ ಹಾರಿದೆ. ಪಕ್ಕದ ಮನೆಯ ಜಗಲಿಯಿಂದ ಮಾಸ್ಕ್ ಹಾಕಿದ ನಾಲ್ಕು ಮುಖ ನೋಡುತ್ತಿದ್ದವು.

ಕಾಕ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು. "ಹಿಂದಿನ ಕ್ರೌನ್ ಪಿನಿಯನ್ನೂ ಮುಂದಿನದ್ದೂ ಒಂದೇ ಉಂಟಾ ಅಂತ ನೋಡಿದ್ರಾ?"

ಅಪ್ಪ ನನ್ನ ಮುಖ ನೋಡಿದರು.

ನೋಡುವ ಕ್ರಮ ಸುಲಭ. ಎರಡೂ ಚಕ್ರ ನೆಲದಿಂದ ಎತ್ತಿ ಟಯರಿಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆಯಬೇಕು. ಒಂದು ಕಡೆ ಅಪ್ಪ, ಇನ್ನೊಂದು ಕಡೆ ನಾನು, ಇಬ್ಬರೂ ಒಟ್ಟಿಗೆ ಹತ್ತು ಸುತ್ತು ತಿರುಗಿಸುವುದು. ಅಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟು ಎಷ್ಟು ಸುತ್ತಿತು ಅಂತ ಎಣಿಸುವುದು ಅಮ್ಮ. ಮದುವೆಗೆ ಮೊದಲು ತವರಿನಲ್ಲಿ ಬೀಡಿ ಕಟ್ಟುತ್ತಿದ್ದ ಅಮ್ಮನಿಗೆ ಎಣಿಕೆ ತಪ್ಪುವುದಿಲ್ಲ. ಹಿಂದೆ: 49ಕ್ಕೆ ಒಂಚೂರು ಕಮ್ಮಿ. ಮುಂದೆ: 54ಕ್ಕೆ ಒಂಚೂರು ಕಮ್ಮಿ. ಮತ್ತೊಮ್ಮೆ ತಿರುಗಿಸಿದೆವು. ಅದೇ ಲೆಕ್ಕ.

ಅಂದರೆ ಹಿಂದೆ 8 ಹಲ್ಲಿನ ಪಿನಿಯನ್‌ಗೆ 39 ಹಲ್ಲಿನ ಕ್ರೌನ್, ಮುಂದೆ 8 ಹಲ್ಲಿಗೆ 43. ಒಂದು 4.88, ಇನ್ನೊಂದು 5.38. ಜೀಪುಗಳಲ್ಲಿ ಎರಡೂ ಬಳಕೆಯಲ್ಲಿದ್ದವೇ. ಬೇರೆ ಬೇರೆ ಗಾಡಿಯ ಭಾಗ ತಂದದ್ದರಿಂದ ಆದ ಎಡವಟ್ಟು. ಈ ಟ್ರಾನ್ಸ್‌ಫರ್ ಕೇಸಿನಲ್ಲಿ ಫೋರ್‌ವೀಲ್ ಹಾಕಿದರೆ ಮುಂದಿನ ಹಿಂದಿನ ಶಾಫ್ಟು ಎರಡೂ ಬೀಗ ಹಾಕಿದ ಹಾಗೆ ಒಂದೇ ವೇಗದಲ್ಲಿ ತಿರುಗುತ್ತವೆ. ಹಾಗಾಗಿ ಹಿಂದಿನ ಚಕ್ರ ಹತ್ತು ಸುತ್ತು ಹೋಗುವಷ್ಟರಲ್ಲಿ ಮುಂದಿನದ್ದು ಒಂಬತ್ತು ಮಾತ್ರ. ಹಿಂದಿನದ್ದು ತಳ್ಳುತ್ತದೆ, ಮುಂದಿನದ್ದು ಬ್ರೇಕ್ ಹಿಡಿಯುತ್ತದೆ. ಕೆಸರಿನಲ್ಲಾದರೆ ಟಯರು ಅಷ್ಟಿಷ್ಟು ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಕಾಂಕ್ರೀಟಿನಲ್ಲಿ ಜಾರಲಿಕ್ಕೆಲ್ಲಿ? ಆ ಹಟವೆಲ್ಲ ಶಾಫ್ಟುಗಳ ಒಳಗೆ ಸುತ್ತಿಕೊಂಡು ಕೂರುತ್ತದೆ. ರೇಷ್ಯೋ ಸರಿ ಇದ್ದ ಗಾಡಿಯನ್ನೂ ಒಣ ರಸ್ತೆಯಲ್ಲಿ ಫೋರ್‌ವೀಲ್ ಹಾಕಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಹೋಗಬೇಕಾಗುತ್ತದೆ, ಅಲ್ಲೂ ಇದೇ ಜಗಳ.

ಅಪ್ಪ ಆ ದಿನ ಊಟಕ್ಕೆ ಬರಲಿಲ್ಲ. ಗಾಡಿಯ ಬಾನೆಟ್ಟಿಗೆ ಒರಗಿ ಕತ್ತಲಾಗುವವರೆಗೆ ನಿಂತಿದ್ದರು. ಮಳೆ ಮೋಡ ಆಗಲೇ ಕಡಲ ಕಡೆಯಿಂದ ಏಳುತ್ತಿತ್ತು. "ಕಳೆದ ವರ್ಷ ಅಮ್ಮ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡ್ತಿದ್ರು. ಎಂತ ಹೇಳ್ಲಿಲ್ಲ," ಅಂದರು. ಕೊಡೆಯ ಕಥೆ ಅಪ್ಪನ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ, ಅದೂ ಇಷ್ಟೇ.

ಒಂದು ಮರದ ಮಿಲ್ಲಿನ ಹಿಂದೆ ನಿಂತು ಕೊಳೆಯುತ್ತಿದ್ದ ಜೀಪಿನಿಂದ 39-8ರ ಸೆಟ್ ಹುಡುಕಿ ಕಾಕ ಜೂನ್‌ನಲ್ಲಿ ತಾವೇ ಬಂದರು. ಹಲ್ಲಿಗೆ ಹಲ್ಲು ಸರಿಯಾಗಿ ಕಚ್ಚುತ್ತದಾ ಅಂತ ನೋಡಲು ಬಣ್ಣ ಹಚ್ಚಬೇಕು. ಬಣ್ಣ ಇರಲಿಲ್ಲ. ಅಮ್ಮನ ಕುಂಕುಮಕ್ಕೆ ಗ್ರೀಸ್ ಕಲಸಿ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುಮಧ್ಯಕ್ಕೆ ಬರುವವರೆಗೆ ಶಿಮ್ ಬದಲಿಸಿದರು. ಆಮೇಲೆ ಮತ್ತೆ ಚಾಕ್‌ಪೀಸು, ಮತ್ತೆ ಹತ್ತು ಸುತ್ತು. ಅಮ್ಮ ಸ್ಟೂಲಿನಿಂದ ಏಳದೆ ಹೇಳಿದಳು, "ನಲವತ್ತೊಂಬತ್ತು. ಮುಂದೆಯೂ, ಹಿಂದೆಯೂ."

ಇಷ್ಟರ ನಡುವೆ ನಾನು ಒಂದು ವಿಷಯ ಬಾಯಿಬಿಡದೆ ಕೂತಿದ್ದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನಾವು ಮಾಡಿದ್ದು ಮಾಡುವ ಹಾಗಿಲ್ಲ. ತಯಾರಕರು ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸಬಾರದು ಅಂತ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿತ್ತು. ಅದೇ ವರ್ಷದ ತಿದ್ದುಪಡಿಯಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಏಪ್ರಿಲ್‌ನಲ್ಲೇ ಓದಿದ್ದೆ. ಯು-ಬೋಲ್ಟಿನ ಜೊತೆ ಒದ್ದಾಡುತ್ತಿದ್ದ ಅಪ್ಪನಿಗೆ ಆಗ ಹೇಳಬೇಕಿತ್ತು. ಹೇಳಲು ಮನಸ್ಸಾಗಲಿಲ್ಲ.

ಈಗ ಹೇಳಿದೆ. "ಅಡಿಯಲ್ಲಿ ಎಂತ ಉಂಟು ಅಂತ ಯಾರು ಬಗ್ಗಿ ನೋಡ್ತಾರೆ?" ಅಂದರು. ಯಾರೂ ನೋಡುವುದಿಲ್ಲ, ನಿಜ. ಆದರೆ ಯಾರಿಗಾದರೂ ಗುದ್ದಿದರೆ ನೋಡುತ್ತಾರೆ, ಇನ್ಶೂರೆನ್ಸಿನವರು ಮೊದಲು ನೋಡುತ್ತಾರೆ. ಅದೂ ಬೇಡ, ಆ ಅಡ್ಡಪಟ್ಟಿಯ ವೆಲ್ಡಿಂಗ್ ಎಂಬತ್ತರ ವೇಗದಲ್ಲಿ ಏನಾಗುತ್ತದೆ ಅಂತ ನನಗೂ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ. ಪಂಪ್‌ವೆಲ್ ಸರ್ಕಲ್ಲಿನಲ್ಲಿ ಅದು ಬಿಟ್ಟುಕೊಂಡರೆ? ಕಾನೂನು ಕೇಳುವುದೂ ಅದನ್ನೇ ಅಂತ ನನಗೆ ಅನ್ನಿಸಿತ್ತು. ಕಾಂಕ್ರೀಟಿನ ಆ ನೂರು ಮೀಟರ್ ಓಡಿಸಿದ್ದೂ ತಪ್ಪೇ.

ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಗೇಟಿನ ಎದುರು ಒಂದು ಲಾರಿ ಬಂದು ನಿಂತಿತು. ನಮ್ಮ ಪಿಕ್‌ಅಪ್ ಅದರ ಬೆನ್ನೇರಿ, ಹಗ್ಗ ಬಿಗಿಸಿಕೊಂಡು, ನಾಲ್ಕು ಚಕ್ರವೂ ತಿರುಗದೆ ಚಾರ್ಮಾಡಿ ಕಡೆಗೆ ಹೋಯಿತು. ಲಾರಿ ಬಾಡಿಗೆ ಗುಜರಿಯ ಹೌಸಿಂಗಿಗಿಂತ ಹೆಚ್ಚಾಯಿತು ಅಂತ ಅಮ್ಮ ಈಗಲೂ ಹೇಳುತ್ತಾಳೆ. ಬಂದರಿಗೆ ಅಡಿಕೆ ಈಗ ಬಾಡಿಗೆ ಟೆಂಪೋದಲ್ಲಿ ಹೋಗುತ್ತದೆ.

ಒಂದು ಮಳೆಗಾಲ ಅದರಲ್ಲಿ ಗೊಬ್ಬರ, ಸೊಪ್ಪು ಹೊತ್ತದ್ದಷ್ಟೇ. ಮರುವರ್ಷ ಜುಲೈಯಲ್ಲಿ ಒಂದು ರಾತ್ರಿ ಅಜ್ಜಿಗೆ ಉಸಿರಾಟದ ತೊಂದರೆ ಶುರುವಾಯಿತು. ನಾನೂ ಅಲ್ಲೇ ಇದ್ದೆ. ದೊಡ್ಡಪ್ಪನ ಕಾರು ಎಂದಿನ ಹಾಗೆ ಮೇಲೆ ಡಾಂಬರು ರಸ್ತೆಯ ಶೆಡ್ಡಿನಲ್ಲಿತ್ತು. ಅಜ್ಜಿಯನ್ನು ಪಿಕ್‌ಅಪ್‌ನ ಮುಂದಿನ ಸೀಟಿನಲ್ಲಿ ಕೂರಿಸಿ ನಾನು ಪಕ್ಕದಲ್ಲಿ ಒತ್ತಿಕೊಂಡೆ. ಅಪ್ಪ ಫೋರ್‌ವೀಲ್ ಹಾಕಿ, ಲೋ ಹಾಕಿ, ಎರಡನೇ ಗೇರಿನಲ್ಲಿ ಬಿಟ್ಟರು. ಆಕ್ಸಿಲರೇಟರ್ ಒತ್ತಲಿಕ್ಕೇ ಹೋಗಲಿಲ್ಲ. ಮೊದಲನೇ ತಿರುವಿನಲ್ಲಿ ಹಿಂಭಾಗ ಒಮ್ಮೆ ಪಕ್ಕಕ್ಕೆ ಜಾರಿತು, ಮುಂದಿನ ಚಕ್ರ ಮಣ್ಣು ಕಚ್ಚಿತು, ಮೂತಿ ಮೇಲಕ್ಕೆದ್ದಿತು. ಹಿಂದೆ ಒಂದು ಕಲ್ಲೂ ಇರಲಿಲ್ಲ.

"ಮುಂದಿನದ್ದೂ ತಿರುಗ್ತದಾ?" ಅಜ್ಜಿ ಉಸಿರಿನ ನಡುವೆ ಕೇಳಿದಳು.

"ತಿರುಗ್ತದೆ ಅಮ್ಮ."

ಮೇಲೆ ತಲುಪಿ ಡಾಂಬರಿನ ಅಂಚಿನಲ್ಲಿ ಅಪ್ಪ ಗಾಡಿ ನಿಲ್ಲಿಸಿದರು. ದೊಡ್ಡಪ್ಪ ಕಾರಿನ ಬಾಗಿಲು ತೆರೆದು ಕಾಯುತ್ತಿದ್ದರು. ಅಜ್ಜಿಗೆ ಇಳಿಯುವ ಮನಸ್ಸಿಲ್ಲ. ಇದರಲ್ಲೇ ಉಜಿರೆಗೆ ಹೋಗುವಾ, ಸುಮ್ಮನೆ ಯಾಕೆ ಇಳಿಸ್ತೀರಿ ಅಂತ ಹಟ.

"ಇದಕ್ಕೆ ಇಲ್ಲಿಂದ ಆಚೆ ಹೋಗ್ಲಿಕ್ಕಿಲ್ಲ ಅಮ್ಮ," ಅನ್ನುತ್ತಾ ಅಪ್ಪ ಕೊಡೆ ಬಿಡಿಸಿದರು.