ಮಾಳಿಗೆ ಮೇಲಿನ ಹತ್ತನೇ ತರಗತಿ

ನಮ್ಮ ಮನೆಯಲ್ಲಿದ್ದದ್ದು ಒಂದೇ ಫೋನು, ಅದೂ ಅಪ್ಪನದು. ಇಳಕಲ್ಲಿನಲ್ಲಿ ಸೀರೆ ನೇಯುವವರಿಗೆ ಫೋನೇ ಅಂಗಡಿ. ನೇಯ್ದ ಸೀರೆಯ ಫೋಟೋ ವ್ಯಾಪಾರಿಗೆ ಹೋಗುವುದು, ನೂಲು ಬಂತೆಂಬ ಸುದ್ದಿ ಬರುವುದು ಎಲ್ಲ ಅದರಲ್ಲೇ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ನಾನು ಪರೀಕ್ಷೆ ಬರೆಯದೆಯೇ ಒಂಬತ್ತರಿಂದ ಹತ್ತಕ್ಕೆ ಬಂದೆ. ಆ ವರ್ಷವಿಡೀ ಅದೊಂದು ಫೋನಿಗೆ ಮೂರು ಮಂದಿ ಕಾದೆವು: ಅಪ್ಪ, ಹುನಗುಂದದಲ್ಲಿ ಬಿ.ಎ. ಓದುತ್ತಿದ್ದ ಅಕ್ಕ, ನಾನು.

ಜುಲೈ 20ಕ್ಕೆ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಶುರುವಾದವು. ಲೆಕ್ಕ ಅರ್ಧಕ್ಕೆ ಬಂದಾಗ ಕರೆಂಟು ಹೋದರೆ ಆ ದಿನದ ಪಾಠ ಅಲ್ಲಿಗೇ ಮುಗಿಯಿತು. ಆಗಸ್ಟ್‌ನಲ್ಲಿ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಬಂದು ಪಾಠ ಹೇಳುವ ವಿದ್ಯಾಗಮ ಬಂತು. ಗುಡಿಯ ಕಟ್ಟೆಗೆ ಸರ್ ಬಂದು ಕೂತಾಗ, ಅವರ ಮುಖ ಕಂಡದ್ದಕ್ಕೇ ನನಗೆ ಅಳು ಬಂದಿತ್ತು. ಅಕ್ಟೋಬರ್‌ನಲ್ಲಿ ಸೋಂಕಿನ ಭಯಕ್ಕೆ ಅದೂ ನಿಂತಿತು. ಮುಂದೆ ಉಳಿದದ್ದು ಫೋನೊಂದೇ.

ಕಲ್ಲಿನ ಗೋಡೆಯ ಮನೆ, ಒಳಗೆ ಸಿಗ್ನಲ್ ಇಲ್ಲ. ಹತ್ತು ಗಂಟೆಗೆ ಮಾಳಿಗೆ ಹತ್ತುತ್ತಿದ್ದೆ. ಬಿಸಿಲಿಗೆ ಪರದೆ ಕಾಣುತ್ತಿರಲಿಲ್ಲ. ಅವ್ವನ ಹಳೇ ಸೀರೆ ತಲೆ ಮೇಲೆ ಹೊದ್ದು, ಅದರೊಳಗೆ ಫೋನು ಹಿಡಿದು ಕೂಡುತ್ತಿದ್ದೆ. ಕೆಳಗೆ ಅಪ್ಪನ ಕುಣಿಮಗ್ಗ. ಒಂದು ದಿನ ವಿಜ್ಞಾನದ ಪಾಠದಲ್ಲಿ ನನ್ನ ಹೆಸರು ಕರೆದರು. ಉತ್ತರ ಗೊತ್ತಿತ್ತು. ಮೈಕ್ ತೆರೆದೆ. ಮಾಳಿಗೆಯ ಬೆಳಕಿಂಡಿಯಿಂದ ಬರುತ್ತಿದ್ದ ಮಗ್ಗದ ಸದ್ದು ನನ್ನ ಮಾತಿಗಿಂತ ಮೊದಲು ಅಲ್ಲಿಗೆ ಮುಟ್ಟಿತು. "ಯಾರ ಮನ್ಯಾಗ ಅದು ಸಪ್ಪಳ? ಬಂದ್ ಮಾಡ್ರಿ" ಅಂದರು. ಮೈಕ್ ಮುಚ್ಚಿದೆ. ಆಮೇಲೆ ಎಷ್ಟೋ ತಿಂಗಳು ತೆರೆಯಲಿಲ್ಲ.

ಈ ಮಾತು ಅಪ್ಪನಿಗೆ ಹೇಳಿರಲಿಲ್ಲ. ಅಕ್ಕ ಹೇಳಿಬಿಟ್ಟಳು. ಮರುದಿನದಿಂದ ನನ್ನ ಪಾಠದ ಹೊತ್ತಿಗೆ ಅಪ್ಪ ಲಾಳಿ ಕೆಳಗಿಟ್ಟು ಕುಣಿಯಿಂದ ಎದ್ದು ಹೊರಗೆ ಕೂಡತೊಡಗಿದ. ಆ ಹೊತ್ತಿನಲ್ಲಿ ಅವ್ವ ಕೊಂಡಿ ಕೆಲಸಕ್ಕೆ ಕೂಡುತ್ತಿದ್ದಳು. ಸೆರಗಿನ ರೇಷ್ಮೆ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಜೋಡಿಸುವ ಕೆಲಸ ಅದು, ಸದ್ದಿಲ್ಲದ್ದು. ದಿನಕ್ಕೆ ಒಂದೂವರೆ ತಾಸು ಮಗ್ಗ ನಿಂತರೆ ವಾರದಲ್ಲಿ ಎಷ್ಟು ನೇಯ್ಗೆ ಹೋಯಿತೆಂದು ನೇಕಾರರ ಮನೆಯ ಮಕ್ಕಳಿಗೆ ಯಾರೂ ಲೆಕ್ಕ ಕಲಿಸಬೇಕಿಲ್ಲ.

ಫೋನಿನ ಪಾಠದಿಂದ ನನಗೆ ಆದ ಒಳ್ಳೆಯದನ್ನೂ ಹೇಳಬೇಕು. ತರಗತಿಯಲ್ಲಿ ಒಮ್ಮೆ ತಿಳಿಯದಿದ್ದರೆ ಇನ್ನೊಮ್ಮೆ ಕೇಳಲು ನನಗೆ ಮೊದಲಿನಿಂದಲೂ ಅಂಜಿಕೆ. ಗಣಿತದ ಸರ್ ತಮ್ಮ ಪಾಠದ ವಿಡಿಯೋ ಗ್ರೂಪಿಗೆ ಹಾಕುತ್ತಿದ್ದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದೇ ಲೆಕ್ಕವನ್ನು ಐದಾರು ಸಲ ಹಿಂದಕ್ಕೆ ಎಳೆದು ನೋಡುತ್ತಿದ್ದೆ. ವರ್ಗ ಸಮೀಕರಣ ನನ್ನ ಕೈಗೆ ಬಂದದ್ದು ಹಾಗೆ. ಆದರೆ ಅದಕ್ಕೂ ಡೇಟಾ ಬೇಕು, ಅಕ್ಕ ಹಗಲಿನಲ್ಲಿ ಅದನ್ನು ಮುಗಿಸಿರಬಾರದು. ಬಾದಾಮಿ ಕಡೆ ಗುಡ್ಡದ ಮಗ್ಗುಲಿನ ಹಳ್ಳಿಯಲ್ಲಿ ನನ್ನ ಸೋದರತ್ತೆಯ ಮಗಳಿದ್ದಾಳೆ, ನನ್ನದೇ ವಯಸ್ಸು. ಅವರ ಮನೆಯಲ್ಲಿ ಅಂಥ ಫೋನೇ ಇರಲಿಲ್ಲ. ದೀಪಾವಳಿಯ ಹೊತ್ತಿಗೆ ಅವಳು ತಂದೆ ತಾಯಿಯ ಜೊತೆ ಗೋವಾಕ್ಕೆ ದುಡಿಯಲು ಹೋದಳು. ಲೆಕ್ಕದಲ್ಲಿ ಅವಳು ನನಗಿಂತ ಚುರುಕು. ಮತ್ತೆ ಶಾಲೆಗೆ ಬರಲಿಲ್ಲ.

2021ರ ಜನವರಿ 1ಕ್ಕೆ ಶಾಲೆ ತೆರೆಯಿತು. ಮಾಸ್ಕ್ ಹಾಕಿಕೊಂಡು ಅವಸರ ಅವಸರವಾಗಿ ಪಾಠ ಓಡಿತು. ಏಪ್ರಿಲ್ ಕೊನೆಗೆ ಮತ್ತೆ ಎಲ್ಲ ಬಂದ್. ತ್ರಿಕೋನಮಿತಿ ಉಳಿದಿತ್ತು, ಅದನ್ನು ಫೋನಿನಲ್ಲೇ ಹೇಳುತ್ತೇವೆ ಅಂದರು. ಮೇ ತಿಂಗಳಲ್ಲಿ ಅಪ್ಪನಿಗೆ ಜ್ವರ ಬಂತು, ಉಸಿರು ಕಟ್ಟತೊಡಗಿತು. ಬಾಗಲಕೋಟೆಯ ಆಸ್ಪತ್ರೆಗೆ ಸೇರಿಸಿದರು. ಒಳಗೆ ಯಾರನ್ನೂ ಬಿಡುವುದಿಲ್ಲ ಎಂದು ಫೋನನ್ನು ಅವನ ಕೈಗೆ ಕೊಟ್ಟು ಕಳಿಸಿದೆವು. ಹದಿಮೂರು ದಿನ ಸಂಜೆ ಪಕ್ಕದ ಮನೆಯವರ ಫೋನಿನಿಂದ ಅವನ ದನಿ ಕೇಳುತ್ತಿದ್ದೆವು. ಮೂರನೇ ದಿನ ಅವನು ಕೆಮ್ಮುತ್ತಲೇ, "ನಿನ್ನ ಪಾಠ ಇದ್ರಾಗ ಬರಾಕತ್ತಾವ, ನಾ ಏನ್ ಮಾಡ್ಲೆವ್ವಾ" ಅಂದ. ನನಗೆ ಮಾತು ಹೊರಡಲಿಲ್ಲ.

ಅಪ್ಪ ತಿರುಗಿ ಬಂದ. ಜೂನ್ ಪರೀಕ್ಷೆ ಮುಂದಕ್ಕೆ ಹೋಗಿ, ಜುಲೈ 19 ಮತ್ತು 22ಕ್ಕೆ ಎರಡೇ ದಿನ ಆಯಿತು. ಆರು ವಿಷಯ, ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವುದು. ರಾಜ್ಯದಲ್ಲಿ 8.7 ಲಕ್ಷ ಮಕ್ಕಳು ಬರೆದರು, ಬಹುತೇಕ ಎಲ್ಲರೂ ಪಾಸಾದರು. ನಾನೂ ಪಾಸಾದೆ. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ನನಗೆ ಮಾತ್ರ ಎದೆಯೊಳಗೆ ಭಯ.

ಪಿಯುಸಿ ವಿಜ್ಞಾನಕ್ಕೆ ಸೇರಿದೆ. ಭೌತಶಾಸ್ತ್ರದ ಎರಡನೇ ವಾರ, ಬೋರ್ಡಿನ ಮೇಲೆ ಸೈನ್ ಥೀಟಾ ಬಂತು. ಕೈ ನಡುಗುತ್ತಿತ್ತು, ಆದರೂ ಎತ್ತಿದೆ. "ಸರ್, ಇದು ನನಗೆ ಬರೂದಿಲ್ಲ" ಅಂದೆ. ಅವರು ನನ್ನನ್ನು ನೋಡಿ, ಆಮೇಲೆ ತರಗತಿಯನ್ನು ನೋಡಿ, ಇನ್ನೂ ಯಾರಿಗೆ ಬರುವುದಿಲ್ಲ ಎಂದು ಕೇಳಿದರು. ಅರ್ಧಕ್ಕಿಂತ ಹೆಚ್ಚು ಕೈಗಳು ಎದ್ದವು. ಅವರು ಬರೆದದ್ದನ್ನೆಲ್ಲ ಒರೆಸಿ, ಒಂದು ಲಂಬಕೋನ ತ್ರಿಭುಜ ಬರೆದರು.